40 ಮೀಟರ್ ಆಂಟೆನಾಗೆ 80ರ ಕಾಯಿಲ್: ಎರಡು ವರ್ಷ ಬಳಸಿದ ಮೇಲೆ

ನನ್ನ ಹ್ಯಾಮ್ ರೇಡಿಯೊದ (ಹವ್ಯಾಸಿ ರೇಡಿಯೊ) 40 ಮೀಟರ್ ಬ್ಯಾಂಡಿನ ಆಂಟೆನಾ 80 ಮೀಟರ್ ಬ್ಯಾಂಡಿನಲ್ಲೂ ಕೆಲಸ ಮಾಡಲಿ ಅಂತ ಒಂದು ಕಾಯಿಲ್ (ತಂತಿಯ ಸುರುಳಿ) ಕಟ್ಟಿದ್ದೇನೆ. 40, 80 ಅಂದರೆ ಅಲೆಯ ಉದ್ದ. ಈ ಕಾಯಿಲ್ ಮೇಲೆ ನನಗಿರುವ ಸಿಟ್ಟು ಒಂದೇ ವಿಷಯಕ್ಕೆ. ಮಳೆ ಬಂದರೆ ಇದಕ್ಕೆ ಜ್ವರ ಬರುತ್ತದೆ.

ನನ್ನದು ಎಂಡ್ ಫೆಡ್ ಹಾಫ್ ವೇವ್, ಅಂದರೆ ಒಂದು ತುದಿಯಿಂದ ಸಿಗ್ನಲ್ ಕೊಡುವ ಅರ್ಧ ಅಲೆಯುದ್ದದ ತಂತಿ. 20 ಮೀಟರ್ ತಂತಿ, ಬುಡದಲ್ಲಿ ಅದನ್ನು ಕೇಬಲ್ಲಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್, ಅಷ್ಟೆ. ಇದೇ ಆಂಟೆನಾ 80ಕ್ಕೆ ಇಳಿಯಬೇಕಾದರೆ ತಂತಿ 40 ಮೀಟರ್ ಬೇಕು. ಅಷ್ಟು ಜಾಗ ಎಲ್ಲಿಂದ ತರಲಿ? ಹಾಗಾಗಿ 110 ಮೈಕ್ರೋಹೆನ್ರಿಯ ರೆಡಿಮೇಡ್ ಕಾಯಿಲ್ ತರಿಸಿ ತುದಿಗೆ ಕಟ್ಟಿದೆ. ಅದರಾಚೆ ಸುಮಾರು ಎರಡು ಮೀಟರ್ ಬಾಲ.

ಹಳೆಯ ಬ್ಯಾಂಡುಗಳು ಕೆಡುತ್ತವೇನೋ ಅಂತ ಹೆದರಿದ್ದೆ. ಏನೂ ಆಗಲಿಲ್ಲ. 40ರಲ್ಲಿ ಕಾಯಿಲ್ ಸಿಗ್ನಲ್ ತಡೆಯುವ ಚೋಕ್ ಥರ ಅಡ್ಡ ನಿಲ್ಲುತ್ತದೆ, ಬಾಲ ಇದ್ದೂ ಇಲ್ಲದ ಹಾಗೆ. ರೆಸೊನೆನ್ಸ್ (ಆಂಟೆನಾ ಸರಿಯಾಗಿ ಹೊಂದುವ ಫ್ರೀಕ್ವೆನ್ಸಿ) ಚೂರು ಕೆಳಗೆ ಸರಿಯಿತು, ಟ್ಯೂನರ್ ಮುಟ್ಟುವಷ್ಟಲ್ಲ.

80ರಲ್ಲಿ ಮಾತ್ರ ಬಲು ಇಕ್ಕಟ್ಟು. ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿದೆ ಎಂಬ ಅಳತೆ, 1 ಇದ್ದರೆ ಪಕ್ಕಾ) 2ರ ಒಳಗೆ ನನಗೆ ಸಿಕ್ಕಿದ್ದು ಸುಮಾರು 40 ಕಿಲೋಹರ್ಟ್ಸ್. ಸಿಡಬ್ಲ್ಯೂಗೆ (ಮೋರ್ಸ್ ಸಂಕೇತ) ಟ್ಯೂನ್ ಮಾಡಿದರೆ ಮಾತಾಡುವ ಕಡೆ ಇಲ್ಲ, ಅಲ್ಲಿಗೆ ಮಾಡಿದರೆ ಇಲ್ಲಿ ಇಲ್ಲ. ಅದಕ್ಕೇ ಬಾಲ ಕತ್ತರಿಸಲು ಹೋಗಬೇಡಿ, ಮಡಚಿ. ನಾನು ಬಾಲಕ್ಕೆ ಎರಡು ಕಡೆ ಟೇಪ್ ಸುತ್ತಿದ್ದೇನೆ. ಕೆಂಪು ಮಾತಿಗೆ, ನೀಲಿ ಸಿಡಬ್ಲ್ಯೂಗೆ. ಸಂಜೆ ಹಗ್ಗ ಸಡಿಲಿಸಿ ತುದಿಯನ್ನು ಕೈಗೆ ಸಿಗುವಷ್ಟು ಇಳಿಸುವುದು, ಗುರುತಿನ ತನಕ ಮಡಚುವುದು, ಬಟ್ಟೆಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ ಸಿಕ್ಕಿಸಿ ಮತ್ತೆ ಎಳೆಯುವುದು. ಮಡಚಿದರೆ ಫ್ರೀಕ್ವೆನ್ಸಿ ಮೇಲೆ, ಬಿಚ್ಚಿದರೆ ಕೆಳಗೆ. ನ್ಯಾನೋ ವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಪರದೆಯ ಗೆರೆ ಸರಿಯಾದ ಜಾಗದಲ್ಲಿ ಧುಮ್ಮೆಂದು ಕೆಳಗಿಳಿಯುವುದನ್ನು ನೋಡುವುದೇ ಒಂದು ಖುಷಿ. ಟ್ರಾನ್ಸ್‌ಮಿಟ್ ಮಾಡುವಾಗ ಮಾತ್ರ ಆ ತುದಿ ಯಾರ ಕೈಗೂ ಎಟುಕಬಾರದು. ವೋಲ್ಟೇಜ್ ಜಾಸ್ತಿ ಇರುವುದೇ ಅಲ್ಲಿ.

ಇನ್ನು ಮಳೆ. ಮೊದಲ ದೊಡ್ಡ ಮಳೆಯ ರಾತ್ರಿ ಗೆರೆಯ ತಗ್ಗು ಎಲ್ಲೋ ಕೆಳಗಿನ ಫ್ರೀಕ್ವೆನ್ಸಿಗೆ ಹೋಗಿ ಕೂತಿತ್ತು. ಕನೆಕ್ಟರ್ ಬಿಚ್ಚಿದೆ, ಕೇಬಲ್ ಬದಲಿಸಿದೆ, ಸುಮ್ನೆ ಎರಡು ದಿನ ಹಾಳು. ಕೊನೆಗೆ ಕಾಯಿಲ್ ಇಳಿಸಿ ಅಲ್ಲಾಡಿಸಿದರೆ ಒಳಗೆ ಬುಳುಬುಳು ಸದ್ದು! ಕಾಯಿಲ್ ಸುತ್ತಿದ ಪೈಪಿನ ಎರಡೂ ಮುಚ್ಚಳ ಭದ್ರ, ಆದರೆ ತಂತಿ ಹೊರಬರುವ ತೂತಿನಿಂದ ನೀರು ಒಳಗೆ ಹೋಗುತ್ತದೆ. ಹೊರಗೆ ಬರಲು ದಾರಿಯೇ ಇಲ್ಲ. ಮಾರಿದವರಿಗೆ ಬರೆದರೆ 'ಇದು ವಾಟರ್‌ಪ್ರೂಫ್' ಅಂತ ಉತ್ತರ ಬಂತು. ನಿಜ, ಒಳಗಿನ ನೀರು ಒಂದು ಹನಿಯೂ ಆಚೆ ಹೋಗುತ್ತಿರಲಿಲ್ಲ.

ಪೈಪಿನ ಅಡಿಯಲ್ಲಿ ಎರಡು ತೂತು ಕೊರೆದ ಮೇಲೆ ಜ್ವರ ಇಳಿಯಿತು. ಈಗಲೂ ಒದ್ದೆಯಾದರೆ ಸ್ವಲ್ಪ ಸರಿಯುತ್ತದೆ, ಒಣಗಿದರೆ ತಾನಾಗಿ ವಾಪಸ್.

ದೂರದ ಆಸೆ ಇದ್ದವರಿಗೆ ಇದಲ್ಲ. ನನ್ನ ತಂತಿ ಇರುವುದು 7 ಮೀಟರ್ ಎತ್ತರದಲ್ಲಿ. 80 ಮೀಟರಿನ ಅಲೆಗೆ ಅದು ಹತ್ತನೇ ಒಂದು ಭಾಗವೂ ಅಲ್ಲ, ಸಿಗ್ನಲ್ ಬಹುಪಾಲು ನೆತ್ತಿಯ ಮೇಲಕ್ಕೇ ಹೋಗುತ್ತದೆ. ಆದರೆ ಕತ್ತಲಾದ ಮೇಲೆ ಕೆಲವು ನೂರು ಕಿಲೋಮೀಟರ್ ಒಳಗಿನವರು ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಕೇಳುತ್ತಾರೆ. 40 ಮೀಟರ್ ಬ್ಯಾಂಡ್ ಸತ್ತು ಮಲಗುವ ಹೊತ್ತಿಗೆ ಇಲ್ಲಿ ಹರಟೆ ಶುರುವಾಗಿರುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ ಅಲ್ವಾ?

ಸದ್ಯ ಇನ್ನೊಂದು ಕಾಯಿಲ್ ನಾನೇ ಸುತ್ತುತ್ತಿದ್ದೇನೆ. 50 ಮಿಲಿಮೀಟರ್ ಪಿವಿಸಿ ಪೈಪ್, 1 ಮಿಲಿಮೀಟರ್ ಎನಾಮಲ್ ತಂತಿ, ಒತ್ತೊತ್ತಾಗಿ ಸುಮಾರು 60 ಸುತ್ತು. ತೂತು ಮೊದಲೇ ಕೊರೆದಿಟ್ಟಿದ್ದೇನೆ.