ಕೀಲ್ ಎತ್ತಿದರೆ ಎರಡಡಿ ನೀರು ಸಾಕು: ಕ್ಯಾಟಲಿನಾ 22 ಹಾಯಿದೋಣಿ

ಕಾಸರಗೋಡಿನ ಹೊಳೆಗಳಿಗೆ ಯಾವ ಹಾಯಿದೋಣಿ ಹೊಂದುತ್ತದೆ ಎಂದು ಯಾರು ಕೇಳಿದರೂ ನಾನು ಹೇಳುವ ಹೆಸರು ಒಂದೇ, ಕ್ಯಾಟಲಿನಾ 22. ಅದೂ ಕೀಲನ್ನು, ಅಂದರೆ ದೋಣಿಯ ತಳದಿಂದ ನೀರಿಗಿಳಿಯುವ ಭಾರದ ಹಲಗೆಯನ್ನು, ಎತ್ತಿ ಇಳಿಸುವ ಮಾದರಿ. ಶಾರ್ಜಾದ ಒಂದು ಯಾರ್ಡಿನಲ್ಲಿ ಫೈಬರ್ ಕೆಲಸಕ್ಕಿದ್ದಾಗ ಇಂಥದ್ದೊಂದು ಹಳೆಯ ದೋಣಿಯನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದೆವು. ಅದರ ಮಾಲೀಕರು ರಜೆಯ ದಿನ ಕಡಲಿಗೆ ಹೋಗುವಾಗ ನನ್ನನ್ನೂ ಕರೆಯುತ್ತಿದ್ದರು. ಈಗ ಊರಲ್ಲಿ ಮೀನುಗಾರರ ಫೈಬರ್ ದೋಣಿಗಳ ರಿಪೇರಿ ನನ್ನ ಕೆಲಸ. ಇಲ್ಲಿನ ನೀರನ್ನೂ ಆ ದೋಣಿಯನ್ನೂ ಒಟ್ಟಿಗೆ ಇಟ್ಟು ನೋಡಿ ಇದನ್ನು ಬರೆಯುತ್ತಿದ್ದೇನೆ.

ಇದನ್ನು ವಿನ್ಯಾಸ ಮಾಡಿದವರು ಕ್ಯಾಲಿಫೋರ್ನಿಯಾದ ಫ್ರಾಂಕ್ ಬಟ್ಲರ್. 1969ರಲ್ಲಿ ಶುರುವಾದ ಈ ಮಾದರಿಯ 15,000ಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. ಉದ್ದ ಇಪ್ಪತ್ತೊಂದೂವರೆ ಅಡಿ, ಅಗಲ ಏಳೂಮುಕ್ಕಾಲು ಅಡಿಯ ಹತ್ತಿರ. ಕಾರಿನ ಹಿಂದೆ ಟ್ರೇಲರ್ ಕಟ್ಟಿ ಎಳೆದುಕೊಂಡು ಹೋಗಬಹುದು, ಹಾಯಿ ಕಟ್ಟುವ ಕಂಬವನ್ನು (ಮಾಸ್ಟ್) ಬುಡದಲ್ಲಿ ಬಾಗಿಸಿ ಮಲಗಿಸಬಹುದು.

ಒಟ್ಟು ತೂಕ ಸುಮಾರು 1,020 ಕೆ.ಜಿ. ಅದರಲ್ಲಿ 250 ಕೆ.ಜಿ. ಬರೀ ಕೀಲಿನದ್ದು. ಅಂದರೆ ಕಾಲು ಭಾಗ ತೂಕ ನೀರಿನ ಅಡಿಯಲ್ಲೇ ಇದೆ. ನಮ್ಮ ಮೀನಿನ ದೋಣಿಗಳಲ್ಲಿ ಹೀಗೆ ಕೆಳಗೆ ತೂಗುವ ಭಾರ ಇಲ್ಲ. ಅಗಲ, ಬಲೆ, ಜನ ಕೂರುವ ಜಾಗ, ಇವುಗಳಿಂದಲೇ ಅವು ನೆಟ್ಟಗಿರುತ್ತವೆ. ಹಾಗಾಗಿ ಇಲ್ಲಿಯವರು ಮೊದಲ ಸಲ ಕೀಲ್ ದೋಣಿ ಹತ್ತಿದರೆ ಹೆದರುತ್ತಾರೆ, ಯಾಕೆಂದರೆ ಗಾಳಿ ಹಿಡಿದ ಕೂಡಲೇ ಅದು ಬೇಗ ವಾಲುತ್ತದೆ. ಆಮೇಲೆ ಕೆಳಗಿನ ಭಾರ ಹಿಡಿಯುತ್ತದೆ. ವಾಲಿದಷ್ಟೂ ಆ ಹಿಡಿತ ಬಿಗಿಯಾಗುವುದು ಕೈಗೆ, ಕಾಲಿಗೆ ಗೊತ್ತಾಗುತ್ತದೆ. ನನಗೆ ಕೀಲ್ ದೋಣಿಯ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

ಈ ಕೀಲ್ ಬೀಡು ಕಬ್ಬಿಣದ ಒಂದು ದಪ್ಪ ಹಲಗೆ. ಮುಂದಿನ ತುದಿಯಲ್ಲಿ ಒಂದು ಪಿನ್ ಮೇಲೆ ತಿರುಗುತ್ತದೆ. ಹಿಂದಿನ ತುದಿಗೆ ಸ್ಟೀಲ್ ಕೇಬಲ್ ಕಟ್ಟಿರುತ್ತದೆ. ಕ್ಯಾಬಿನ್ ಮೆಟ್ಟಿಲ ಹತ್ತಿರದ ವಿಂಚ್ (ಕೇಬಲ್ ಸುತ್ತುವ ರಾಟೆ) ತಿರುಗಿಸಿದರೆ ಕೀಲ್ ನಿಧಾನ ಮೇಲೆ ಬರುತ್ತದೆ. ಪೂರ್ತಿ ಇಳಿಸಿದಾಗ ಐದಡಿ ಆಳ ಬೇಕು, ಎತ್ತಿದರೆ ಎರಡೇ ಅಡಿ. ಅಲುಗದ ಕೀಲ್ ಇರುವ ಮಾದರಿಯೂ ಇದೆ, ಅದಕ್ಕೆ ಯಾವಾಗಲೂ ಮೂರೂವರೆ ಅಡಿ ನೀರು ಬೇಕು. ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಮರಳು ಮಳೆಗಾಲ ಕಳೆದ ಮೇಲೆ ಎಲ್ಲಿ ಕೂರುತ್ತದೋ ಯಾರಿಗೆ ಗೊತ್ತು? ಕವ್ವಾಯಿ ಹಿನ್ನೀರಿನಲ್ಲಿ, ವಲಿಯಪರಂಬದ ಒಳಬದಿಯಲ್ಲಿ, ನೀರಿಳಿದಾಗ ದೊಡ್ಡ ದೊಡ್ಡ ಜಾಗ ತೆಳ್ಳಗಾಗುತ್ತದೆ. ಅಲ್ಲಿ ಈ ಎರಡು ಮಾದರಿಗಳ ನಡುವಿನ ಆ ಒಂದೂವರೆ ಅಡಿಯೇ ಎಲ್ಲ. ತೀರಾ ತೆಳು ನೀರಿನಲ್ಲಿ ಹಿಂದೆ ನೇತಾಡುವ ಚುಕ್ಕಾಣಿಯ ಮೇಲೂ ಕಣ್ಣಿರಲಿ.

ಈ ಸವಲತ್ತಿಗೆ ಬೆಲೆ ಕೊಡಲೇಬೇಕು, ಅಲ್ವಾ? ಅಷ್ಟೂ ಕಬ್ಬಿಣ ನೇತಾಡುವುದು ಒಂದು ಪಿನ್ನಿನಲ್ಲಿ. ಆ ಪಿನ್ ಹಿಡಿದಿರುವ ತುಂಡುಗಳನ್ನು ಕೆಳಗಿನಿಂದ ಬೋಲ್ಟ್ ಹಾಕಿ ಫೈಬರಿಗೆ ಬಿಗಿದಿರುತ್ತಾರೆ. ವರ್ಷಗಟ್ಟಲೆ ತಿಕ್ಕಿ ಪಿನ್ ಸವೆಯುತ್ತದೆ, ರಂಧ್ರ ದೊಡ್ಡದಾಗುತ್ತದೆ. ಲಂಗರು ಹಾಕಿ ಮಲಗಿದಾಗ ಸಣ್ಣ ಅಲೆಗೂ ಕೀಲ್ ಟಕ್ ಟಕ್ ಅನ್ನುತ್ತದೆ. ಆ ಸದ್ದು ಕೇಳಿದರೆ ದೋಣಿಯನ್ನು ನೀರಿನಿಂದ ಎತ್ತಿ ನೋಡಲೇಬೇಕು. ಕೇಬಲ್ ಕೂಡ ಹಾಗೇ. ಓಡುವಾಗ ಅದು ನೀರಿನಲ್ಲಿ ಅದುರಿ ಗುಂಯ್ ಅನ್ನುವುದು ಸಹಜ. ಆದರೆ ಒಂದು ಎಳೆ ಕಿತ್ತಿದ್ದರೂ ಬದಲಾಯಿಸಿ. ಕೇಬಲ್ ತುಂಡಾದರೆ 250 ಕೆ.ಜಿ. ಒಮ್ಮೆಲೇ ಕೆಳಗೆ ಬಿದ್ದು ದೋಣಿಯ ತಳಕ್ಕೆ ಹೊಡೆಯುತ್ತದೆ.

ಕೀಲನ್ನು ಇಳಿದ ಜಾಗದಲ್ಲೇ ನಿಲ್ಲಿಸಲು ಒಂದು ಲಾಕ್ ಬೋಲ್ಟ್ ಇದೆ. ಇದನ್ನು ಬಿಗಿಯಬೇಕೋ ಬೇಡವೋ ಎಂದು ಮಾಲೀಕರಲ್ಲೇ ವಾದ ನಡೆಯುತ್ತದೆ. ಬಿಗಿದರೆ ದೋಣಿ ಜೋರಾಗಿ ವಾಲಿದಾಗ ಕೀಲ್ ಒಳಕ್ಕೆ ಮಡಚಿಕೊಳ್ಳುವುದಿಲ್ಲ. ಆದರೆ ಆಗ ಮರಳಿಗೆ ತಗುಲಿದರೆ ಪೆಟ್ಟು ನೇರ ಫೈಬರಿಗೆ. ನನ್ನ ಮಾತು ಇಷ್ಟು: ಹೊಳೆಯಲ್ಲಿ, ಅಳಿವೆಯಲ್ಲಿ ಬೋಲ್ಟ್ ಸಡಿಲ ಬಿಡಿ. ಆಳದ ಕಡಲಿಗೆ ಹೋದ ಮೇಲೆ ಬಿಗಿಯಿರಿ, ವಾಪಸ್ ಬರುವಾಗ ಮರೆಯದೆ ಸಡಿಲಿಸಿ.

ಫೈಬರ್ ಕೆಲಸದ ಬಗ್ಗೆ ನನಗೆ ಗೌರವವಿದೆ. ತಳ ಪೂರ್ತಿ ಗಟ್ಟಿ ಫೈಬರ್, ನಡುವೆ ಮರವಿಲ್ಲ, ಫೋಮ್ ಇಲ್ಲ. ಪೆಟ್ಟಾದರೆ ಗ್ರೈಂಡ್ ಮಾಡಿ ಮ್ಯಾಟ್, ರೆಸಿನ್ ಹಾಕಿ ಸರಿ ಮಾಡಲು ನಮ್ಮ ಊರಿನ ಯಾವ ಫೈಬರ್ ಕೆಲಸಗಾರನಿಗೂ ಸಾಧ್ಯ. ಮೇಲಿನ ಹಾಸು, ಅಂದರೆ ಡೆಕ್ ಮಾತ್ರ ಹಾಗಲ್ಲ, ಅದರ ಒಳಗೆ ಪ್ಲೈವುಡ್ ಇದೆ. ಸ್ಕ್ರೂ ಸುತ್ತ ಸೀಲಂಟ್ ಬಿರುಕು ಬಿಟ್ಟರೆ ನೀರು ಇಳಿದು ಒಳಗೇ ಕೊಳೆಯುತ್ತದೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಟಣ್ ಅಂದರೆ ಒಳ್ಳೆಯದು, ಡಬ್ ಅಂದರೆ ಕೆಲಸ ಇದೆ. ನಮ್ಮ ಮಳೆಗೆ ಇದು ದೊಡ್ಡ ವಿಷಯ.

ಒಳಗೆ ನಾಲ್ಕು ಜನ ಮಲಗಬಹುದು, ಆದರೆ ನೆಟ್ಟಗೆ ನಿಲ್ಲಲಾಗದು. 1973ರಿಂದ ಮಾಡು ಮೇಲೆತ್ತುವ ಪಾಪ್-ಟಾಪ್ ಬಂತು. ನಮ್ಮ ಏಪ್ರಿಲ್, ಮೇ ಸೆಕೆಗೆ ಅದಿಲ್ಲದ ದೋಣಿ ಬೇಡವೇ ಬೇಡ.

ಹಾಯಿ ಎರಡೂ ಸೇರಿ 212 ಚದರ ಅಡಿ, ವೇಗ ಹೆಚ್ಚೆಂದರೆ ಆರು ನಾಟ್ (ಗಂಟೆಗೆ 11 ಕಿ.ಮೀ.) ಆಸುಪಾಸು. ಬೇಸಿಗೆಯ ಮಧ್ಯಾಹ್ನದ ಪಡುಗಾಳಿಗೆ ಚಂದ್ರಗಿರಿಯಿಂದ ಬೇಕಲದ ಕಡೆ ಹೋಗಿ ಬರಲು ಅಷ್ಟು ಸಾಕು. ನನಗೆ ಅಳುಕಿರುವುದು ಅಳಿವೆ ದಾಟುವಾಗ. ಹಿಂದೆ ಸಿಕ್ಕಿಸಿದ ಸಣ್ಣ ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲ್ಲರ್ ಗಿಡ್ಡ ಅಲೆಯಲ್ಲಿ ನೀರಿನಿಂದ ಮೇಲೆ ಬಂದು ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಉದ್ದ ಶಾಫ್ಟಿನ ಎಂಜಿನ್ನೇ ಇರಲಿ. ಅಲೆ ಜಾಸ್ತಿ ಇದ್ದರೆ ದಾಟಲೇಬೇಡಿ. ಜೂನ್‌ನಿಂದ ಜುಲೈ ಕೊನೆವರೆಗಿನ 52 ದಿನದ ಟ್ರಾಲಿಂಗ್ ನಿಷೇಧದಲ್ಲಿ ದೊಡ್ಡ ಬೋಟುಗಳು ದಡದಲ್ಲೇ ಇರುತ್ತವೆ. ಇದನ್ನೂ ಆಗ ಶೆಡ್ಡಿಗೆ ತಂದು ಕೀಲ್ ಇಳಿಸಿ ತುಕ್ಕು ಕೆರೆದು ಎಪಾಕ್ಸಿ ಬಳಿಯಿರಿ.

ಹಳೆಯದನ್ನು ಕೊಳ್ಳುವವರು ಹಣ ಕೊಡುವ ಮೊದಲು ದೋಣಿಯನ್ನು ಬೆಲ್ಟ್ ಪಟ್ಟಿ ಹಾಕಿ ಎತ್ತಿಸಿ, ಕೀಲ್ ಪೂರ್ತಿ ಇಳಿಸಲು ಹೇಳಿ. ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಚೂರು ಆಡಿದರೆ ಹೊಸ ಪಿನ್ನಿನ ಖರ್ಚು ಕಳೆದು ಬೆಲೆ ಮಾತಾಡಿ. ಪಿನ್ ಸುತ್ತಲಿನ ಫೈಬರೇ ಬಿರುಕು ಬಿಟ್ಟಿದ್ದರೆ ಬೇರೆ ದೋಣಿ ನೋಡಿ.