ಮೂರು ವರ್ಷ ಬಳಸಿದ ಆಯಿಲ್ ಪ್ರೆಶರ್ ಗೇಜ್: ಹಳೆಯ ಪದ್ಮಿನಿಯ ಇಂಜಿನ್ ಬಿಚ್ಚುವುದನ್ನು ತಪ್ಪಿಸಿದ ಉಪಕರಣ

ನಮ್ಮ ಮನೆಯಲ್ಲಿರುವುದು 1984ರ ಪ್ರೀಮಿಯರ್ ಪದ್ಮಿನಿ. ಫಿಯಟ್ 1100ರ ವಂಶದ 1,089 ಸಿಸಿ ಪೆಟ್ರೋಲ್ ಇಂಜಿನ್. ಆಯಿಲ್ ಒತ್ತಡದ ಬಗ್ಗೆ ಈ ಗಾಡಿ ತಿಳಿಸುವುದು ಒಂದು ಕೆಂಪು ದೀಪದ ಮೂಲಕ ಮಾತ್ರ. ಸಾಮಾನ್ಯವಾಗಿ ಅಂಥ ದೀಪ ಹೊತ್ತುವ ವೇಳೆಗೆ ಒತ್ತಡ ಐದಾರು ಪಿಎಸ್‌ಐಗೆ (ಟೈರ್ ಗಾಳಿ ಅಳೆಯುವ ಅದೇ ಮಾನ) ಇಳಿದಿರುತ್ತದೆ.

ಮೂರು ವರ್ಷದ ಹಿಂದೆ, ಏಪ್ರಿಲ್ ಬಿಸಿಲಿನಲ್ಲಿ ನಿಪ್ಪಾಣಿಯಿಂದ ವಂಟಮೂರಿ ಘಾಟ್ ದಾಟಿ ಬೆಳಗಾವಿಗೆ ಬಂದು ಚನ್ನಮ್ಮ ವೃತ್ತದಲ್ಲಿ ನಿಂತಾಗ ಆ ದೀಪ ಮಿಣುಕತೊಡಗಿತು. ಗ್ಯಾರೇಜಿನವರು ಬಾನೆಟ್ ತೆರೆಯುವ ಮೊದಲೇ "ಬೇರಿಂಗ್ ಹೋಗ್ಯಾವ್ರಿ ಸಾಹೇಬ್ರ, ಇಂಜಿನ್ ಇಳಸಬೇಕ್ರಿ" ಎಂದರು. ಅಷ್ಟು ದೊಡ್ಡ ಕೆಲಸಕ್ಕೆ ಒಪ್ಪುವ ಮುನ್ನ ಅಂಕಿಯನ್ನು ಕಣ್ಣಾರೆ ನೋಡೋಣವೆಂದು ಸುಮಾರು 1,400 ರೂಪಾಯಿ ಕೊಟ್ಟು ಈ ಗೇಜ್ ತರಿಸಿದೆ. ಸೊನ್ನೆಯಿಂದ ನೂರು ಪಿಎಸ್‌ಐವರೆಗಿನ ಡಯಲ್, ಒಂದು ಮೀಟರ್ ರಬ್ಬರ್ ಹೋಸ್, ಆರು ಹಿತ್ತಾಳೆ ಅಡಾಪ್ಟರ್‌ಗಳು. ಬ್ಯಾಟರಿಯಾಗಲಿ ವೈರಾಗಲಿ ಇಲ್ಲ.

ಮೊದಲ ದೂರು ಅಡಾಪ್ಟರ್‌ಗಳದ್ದೇ. ಕೆಂಪು ದೀಪ ಹೊತ್ತಿಸುವ ಆಯಿಲ್ ಸ್ವಿಚ್ ಬಿಚ್ಚಿ, ಅದೇ ಜಾಗಕ್ಕೆ ಗೇಜ್ ಜೋಡಿಸಬೇಕು. ಆರರಲ್ಲಿ ಒಂದೂ ನಮ್ಮ ಇಂಜಿನ್ನಿನ ಆ ಜಾಗಕ್ಕೆ ಕೂಡಲಿಲ್ಲ. ಕೊನೆಗೆ ಉದ್ಯಮಬಾಗದ ಲೇತ್ ಅಂಗಡಿಯೊಂದಕ್ಕೆ ಹಳೆಯ ಸ್ವಿಚ್ ಒಯ್ದು, ಅದರ ಥ್ರೆಡ್ ಅಳತೆ ಹಿಡಿಸಿ ಹೊಸದೊಂದನ್ನು ಮಾಡಿಸಬೇಕಾಯಿತು. ಅದನ್ನು ತಾಮ್ರದ ವಾಶರ್ ಹಾಕಿಯೇ ಕೂರಿಸಿದ್ದೇನೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇಲ್ಲಿ ಸುತ್ತಿದರೆ ಅದರ ಚೂರು ಆಯಿಲ್ ದಾರಿಗೆ ಸೇರುವ ಭಯವಿದೆ.

ತಣ್ಣಗಿದ್ದಾಗ ಮುಳ್ಳು 50ರ ಮೇಲಿತ್ತು. ಅರ್ಧ ಗಂಟೆ ಓಡಿಸಿ ಬಂದು ನೋಡಿದರೆ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ತಿರುಗುವಾಗ) 6, ಎರಡು ಸಾವಿರ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) 22. ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ ಎಂಬ ಮೆಕ್ಯಾನಿಕ್‌ಗಳ ಸ್ಥೂಲ ಲೆಕ್ಕದಲ್ಲಿ ಓಟದ ಒತ್ತಡ ಸಾಲುತ್ತಿತ್ತು, ಐಡ್ಲಿಂಗ್ ಮಾತ್ರ ಸಾಲುತ್ತಿರಲಿಲ್ಲ. ಸವೆದ ಬೇರಿಂಗೂ ಇದೇ ಲಕ್ಷಣ ತೋರಿಸುತ್ತದೆ, ತೆಳುವಾದ ಆಯಿಲೂ ಇದನ್ನೇ ತೋರಿಸುತ್ತದೆ. ಆದರೆ ಕೆಳಗಿನಿಂದ ಬಡಿತದ ಸದ್ದು ಇರಲಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು ಮತ್ತು ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಇಂಜಿನ್ನಿಗೆ ಅಂಟಿಕೊಂಡಿರುವ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದು, ಪೆಟ್ರೋಲ್ ನೇರವಾಗಿ ಆಯಿಲ್ ಚೇಂಬರಿಗೆ ಇಳಿಯುತ್ತಿತ್ತು. ಪಂಪ್ ಕಿಟ್ ಬದಲಿಸಿ, ಹೊಸದಾಗಿ 20ಡಬ್ಲ್ಯೂ-50 ದರ್ಜೆಯ ಆಯಿಲ್ ಹಾಕಿದ ಮೇಲೆ ಬಿಸಿ ಇಂಜಿನ್ನಿನಲ್ಲೂ ಐಡ್ಲಿಂಗ್ 14, ಓಟದಲ್ಲಿ 38 ಬಂತು.

ಎರಡನೆಯ ಸಲದ ತೊಂದರೆ ಇದಕ್ಕೆ ತದ್ವಿರುದ್ಧವಾಗಿತ್ತು. ಕಳೆದ ವರ್ಷ ಚೇಂಬರ್ ಗ್ಯಾಸ್ಕೆಟ್ ಸೋರಿಕೆ ನಿಲ್ಲಿಸಿಕೊಂಡ ಕೆಲವು ತಿಂಗಳಿಗೆ, ಐಡ್ಲಿಂಗ್ ಒತ್ತಡ ಸರಿಯಿದ್ದು, ಆಕ್ಸಿಲರೇಟರ್ ಒತ್ತಿದಾಗ ಮುಳ್ಳು ನಡುಗಿ ಕೆಳಗೆ ಬೀಳಲು ಶುರುವಾಯಿತು. ಬೇರಿಂಗ್ ಸವೆದಿದ್ದರೆ ವೇಗದೊಂದಿಗೆ ಒತ್ತಡ ಏರಬೇಕು. ಬೀಳುತ್ತಿದೆಯೆಂದರೆ ಆಯಿಲ್ ಪಂಪಿಗೆ ಎಳೆದುಕೊಳ್ಳಲು ಆಯಿಲ್ ಸಾಲುತ್ತಿಲ್ಲ ಎಂದೇ ಊಹಿಸಿದೆ. ಚೇಂಬರ್ ಇಳಿಸಿದಾಗ ಆ ಪಂಪಿನ ಬಾಯಿಯ ಸ್ಟ್ರೇನರ್ ಜಾಳಿಗೆಯ ಮುಕ್ಕಾಲು ಭಾಗಕ್ಕೆ ಕೆಂಪು ಗ್ಯಾಸ್ಕೆಟ್ ಪೇಸ್ಟಿನ ಎಳೆಗಳು ಶಾವಿಗೆಯಂತೆ ಅಂಟಿಕೊಂಡಿದ್ದವು. ಯಾರೋ ಧಾರಾಳವಾಗಿ ಬಳಿದಿದ್ದರು.

ಪಕ್ಕದ ಮನೆಯವರ ಪದ್ಮಿನಿಯಲ್ಲಿ ದೀಪ ಆರದೇ ಉರಿಯುತ್ತಿದ್ದಾಗಲೂ ಇದನ್ನೇ ಜೋಡಿಸಿದೆ. ಗೇಜ್ 40 ತೋರಿಸಿತು. ಸ್ವಿಚ್ಚಿನ ವೈರ್ ಸುಲಿದು ಇಂಜಿನ್ನಿಗೆ ತಾಗಿ ಅರ್ಥ್ ಆಗಿತ್ತು, ಅಷ್ಟೇ.

ಡಯಲ್‌ನಲ್ಲಿ ಗ್ಲಿಸರಿನ್ ಇಲ್ಲದ ಕಾರಣ ಐಡ್ಲಿಂಗ್‌ನಲ್ಲಿ ಮುಳ್ಳು ಸದಾ ಕಂಪಿಸುತ್ತದೆ, ಒಂದೆರಡು ಪಿಎಸ್‌ಐ ವ್ಯತ್ಯಾಸವನ್ನು ನಂಬಲಾಗದು. ಎರಡನೆಯ ಬೇಸಿಗೆಗೇ ಹೋಸ್ ಬಿರುಕು ಬಿಟ್ಟು ಬಿಸಿ ಆಯಿಲ್ ನನ್ನ ಅಂಗಿಯ ತೋಳಿಗೆ ಚಿಮ್ಮಿತು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರ ಅದನ್ನು ಹಾಯಿಸಿದ್ದು ನನ್ನದೇ ತಪ್ಪಿರಬಹುದು. ಈಗ ಹೈಡ್ರಾಲಿಕ್ ಅಂಗಡಿಯಲ್ಲಿ ಮಾಡಿಸಿದ ಜಾಳಿಗೆ ಹೆಣೆದ ಹೋಸ್ ಹಾಕಿದ್ದೇನೆ. ಅದಕ್ಕೆ ಮತ್ತು ಅಡಾಪ್ಟರಿಗೆ ಕೊಟ್ಟ ಹಣ ಸೇರಿಸಿದರೆ ಗೇಜಿನ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಂಜಿನ್ ಮಾತ್ರ ಇನ್ನೂ ಕೆಳಗಿಳಿದಿಲ್ಲ.