ಮ್ಯಾನೊಮೀಟರಿಗೆ ನೀರೇ, ಸ್ಪಿರಿಟ್ಟೇ, ಸೀಮೆಎಣ್ಣೆಯೇ?

ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯೊಂದರಲ್ಲಿ, ಬೀಜ ಒಣಗಿಸುವ ಬೋರ್ಮಾಕ್ಕೆ ಗಾಳಿ ಒಯ್ಯುವ ಡಕ್ಟಿನೊಳಗೆ, ಹೀಟರಿಗಿಂತ ಹಿಂದೆ ಪಿಟೊ ನಳಿಗೆ (ಗಾಳಿಯ ವೇಗ ಅಳೆಯಲು ಹರಿವಿಗೆ ಎದುರಾಗಿ ಇಡುವ ನಳಿಗೆ) ಇಟ್ಟು, ಮ್ಯಾನೊಮೀಟರಾಗಿ, ಅಂದರೆ ಒತ್ತಡವನ್ನು ದ್ರವದ ಏರಿಕೆಯಲ್ಲಿ ತೋರಿಸುವ ಸಾಧನವಾಗಿ, ಒಂದೇ ಗಾಜಿನ ಯು-ನಳಿಗೆಗೆ ನೀರು, ಐಸೊಪ್ರೊಪೈಲ್ ಸ್ಪಿರಿಟ್ ಮತ್ತು ಸೀಮೆಎಣ್ಣೆಯನ್ನು ಸರದಿಯಂತೆ ತುಂಬಿ ನೋಡಿದೆ. ದ್ರವ ಎಷ್ಟು ಹಗುರವೋ ಅಷ್ಟು ಹೆಚ್ಚು ಏರುತ್ತದೆ ಎಂಬುದು ಸರಿ. ಆದರೆ ಆಯ್ಕೆಯನ್ನು ನಿರ್ಧರಿಸಿದ್ದು ಬೇರೆಯೇ ಸಂಗತಿ.

ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ, 30 ಡಿಗ್ರಿ ಸೆಖೆಯಲ್ಲಿ ಅದರ ಸಾಂದ್ರತೆ ಘನಮೀಟರಿಗೆ ಸುಮಾರು 1.15 ಕಿಲೋ ಎಂದು ಹಿಡಿದರೆ, ವೇಗದ ಒತ್ತಡ (ಗಾಳಿಯ ಚಲನೆಯಿಂದಷ್ಟೇ ಬರುವ ಒತ್ತಡ) 57.5 ಪಾಸ್ಕಲ್ ಆಗುತ್ತದೆ. ಅದು ನೀರಿನಲ್ಲಿ 5.9 ಮಿಲಿಮೀಟರ್, ನೀರಿಗೆ ಹೋಲಿಸಿದ ಸಾಂದ್ರತೆ 0.80 ಇರುವ ಸೀಮೆಎಣ್ಣೆಯಲ್ಲಿ 7.3, ಸ್ಪಿರಿಟ್ಟಿನಲ್ಲಿ 7.5 ಮಿಲಿಮೀಟರ್ ವ್ಯತ್ಯಾಸವಾಗಿ ಕಾಣುತ್ತದೆ. ಪಾದರಸದಲ್ಲಿ ಅರ್ಧ ಮಿಲಿಮೀಟರೂ ಸಿಗದು. ಅದು ವಿಷವೂ ಹೌದು, ಆದ್ದರಿಂದ ಈ ಕೆಲಸಕ್ಕೆ ಅದನ್ನು ಎಣಿಸಲೇಬಾರದು.

ನೀರಿನ ಬಲವೆಂದರೆ ಅದರ ಸಾಂದ್ರತೆಯ ಸ್ಥಿರತೆ: 20ರಿಂದ 35 ಡಿಗ್ರಿಗೆ ಹೋದರೂ ಶೇಕಡಾ ಅರ್ಧದಷ್ಟೂ ಬದಲಾಗುವುದಿಲ್ಲ. ಆದರೆ ಅದು ಸಣ್ಣ ನಳಿಗೆಯ ಗೋಡೆಗೆ ಅಂಟಿಕೊಂಡು ಅಲ್ಲೇ ನಿಂತುಬಿಡುತ್ತದೆ. ನಳಿಗೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಮಟ್ಟ ತಟ್ಟನೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಒಂದು ಹನಿ ಸಾಬೂನು ದ್ರಾವಣ ಬೆರೆಸಿದರೆ ಈ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ.

ಸ್ಪಿರಿಟ್ ಗಾಜನ್ನು ಚೆನ್ನಾಗಿ ತೋಯಿಸುತ್ತದೆ, ಅದರ ಮಟ್ಟ ಸರಾಗವಾಗಿ ಚಲಿಸುತ್ತದೆ. ಆದರೆ ಅದು ಆವಿಯಾಗುತ್ತದೆ, ಪ್ರತಿ ಡಿಗ್ರಿಗೆ ಶೇಕಡಾ 0.1ರಷ್ಟು ಹಗುರಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ನಳಿಗೆಯ ಸ್ಪಿರಿಟ್ಟಿನ ಸಾಂದ್ರತೆ ಬಾಟಲಿಯ ಮೇಲೆ ಬರೆದದ್ದೇ ಆಗಿ ಉಳಿಯುತ್ತದೆಂದು ನಾನು ನಂಬಲಾರೆ.

ಸೀಮೆಎಣ್ಣೆ ತೇವ ಹೀರುವುದಿಲ್ಲ, ನಿಧಾನವಾಗಿ ಆವಿಯಾಗುತ್ತದೆ, ಗಾಜಿಗೆ ಅಂಟಿ ನಿಲ್ಲುವುದೂ ಇಲ್ಲ. ರಬ್ಬರ್ ಕೊಳವೆಯನ್ನು ಮೆತ್ತಗಾಗಿಸಿ ಉಬ್ಬಿಸುತ್ತದೆ ಎಂಬುದು ಅದರ ದೋಷ. ಬೆಂಕಿಯ ಬಳಿ ಇದನ್ನೂ ಸ್ಪಿರಿಟ್ಟನ್ನೂ ಇಡಬಾರದು. ಸೀಮೆಎಣ್ಣೆಯ ಸಾಂದ್ರತೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬದಲಾಗುವುದರಿಂದ, 100 ಮಿಲಿಲೀಟರ್ ಅಳತೆಯ ಫ್ಲಾಸ್ಕಿನಲ್ಲಿ ಗುರುತಿನವರೆಗೆ ತುಂಬಿ, ಖಾಲಿ ಫ್ಲಾಸ್ಕಿನ ತೂಕ ಕಳೆದು ತೂಗಿ ನೋಡುವುದು ಅನಿವಾರ್ಯ. ಹಾಗೆ ಮಾಡದೆ, ನೀರಿಗೆಂದು ಗೆರೆ ಹಾಕಿದ ಸ್ಕೇಲನ್ನೇ ಓದಿದರೆ ಒತ್ತಡ ಶೇಕಡಾ 25 ಹೆಚ್ಚಾಗಿ ತೋರುತ್ತದೆ. ವೇಗ ಒತ್ತಡದ ವರ್ಗಮೂಲವಾದ್ದರಿಂದ ಅದರಲ್ಲಿನ ತಪ್ಪು ಶೇಕಡಾ 12ರ ಹತ್ತಿರ ನಿಲ್ಲುತ್ತದೆ.

ಫಿಲ್ಟರಿನ ಎರಡೂ ಬದಿಯ ಒತ್ತಡವನ್ನು ನೋಡುವಂತಹ ಕೆಲಸಕ್ಕೆ ನೀರೇ ಸಾಕು. ಕಡಿಮೆ ವೇಗಕ್ಕೆ ಮಾತ್ರ ನನ್ನ ಆಯ್ಕೆ ತೂಗಿ ನೋಡಿದ ಸೀಮೆಎಣ್ಣೆ, ಅದೂ ಓರೆ ನಳಿಗೆಯಲ್ಲಿ: ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ನೆಟ್ಟಗಿನ ನಳಿಗೆಯಲ್ಲಿ 1.2 ಮಿಲಿಮೀಟರ್ ಅಷ್ಟೇ ಕಾಣುವ ಏರಿಕೆ, ಹತ್ತಕ್ಕೆ ಒಂದರ ಓರೆಯಲ್ಲಿ ನಳಿಗೆಯ ಉದ್ದಕ್ಕೆ ಸುಮಾರು 12 ಮಿಲಿಮೀಟರ್ ಆಗಿ ಸ್ಪಷ್ಟವಾಗಿ ಓದಲು ಸಿಗುತ್ತದೆ.